ಬೆಂಕಿಯ ನಡುವೆ ಇಟ್ಟಂಗಿಯ ಬಲ: ಎರಕದ ಮನೆಗೆ ಹೋಗುವವರಿಗೊಂದು ಬಹಿರಂಗ ಪತ್ರ

ಗುಡಗೇರಿ, ಸಂಶಿ, ಯರಗುಪ್ಪಿ, ಕುಂದಗೋಳದ ಕಡೆಯಿಂದ ಹುಬ್ಬಳ್ಳಿ, ಬೆಳಗಾವಿಯ ಎರಕದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಿರುವ ಮತ್ತು ಹೋಗಲಿರುವ ತಮ್ಮ ತಂಗಿಯರಿಗೆ, ಅವರಿಗೆ ವಿಜ್ಞಾನ ಕಲಿಸುವ ಗುರುಗಳಿಗೆ,



ಕರಗಿದ ಬೀಡನ್ನು ಹಿಡಿದಿಡುವುದು ಕಬ್ಬಿಣವಲ್ಲ, ಸುಟ್ಟ ಮಣ್ಣು. ಅಚ್ಚಿಗೆ ಹೊಯ್ಯುವ ಹೊತ್ತಿನಲ್ಲಿ ಬೀಡುಕಬ್ಬಿಣ ಸುಮಾರು 1,350ರಿಂದ 1,400 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಉಕ್ಕಾದರೆ 1,600ರ ಆಸುಪಾಸು. ಕರಗಿದ ಲೋಹವನ್ನು ಒಯ್ದು ಹೊಯ್ಯುವ ಲ್ಯಾಡಲಿನ ಹೊರಗಿನ ಉಕ್ಕಿನ ತೊಟ್ಟಿ 600 ಡಿಗ್ರಿ ಕಾದರೆ ಸಾಕು, ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಆ ದ್ರವಕ್ಕೂ ಅದರ ಮುಂದೆ ನಿಂತ ಮನುಷ್ಯನ ಮೈಗೂ ನಡುವೆ ನಿಜವಾಗಿ ಇರುವುದು ಕೆಲವೇ ಇಂಚು ದಪ್ಪದ ಲೈನಿಂಗ್: ಫೈರ್ ಬ್ರಿಕ್, ಇಲ್ಲವೆ ಬಡಿದು ಕೂರಿಸಿದ ರ‍್ಯಾಮಿಂಗ್ ಮಾಸ್. 1923ರಲ್ಲಿ ಭದ್ರಾವತಿಯಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿಸಿದಾಗಲೂ ಹೀಗೇ ಇತ್ತು. ಇವತ್ತು ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಯಲ್ಲೂ, ಬೆಳಗಾವಿಯ ಉದ್ಯಮಬಾಗದ ಸಣ್ಣ ಎರಕದ ಮನೆಯಲ್ಲೂ ಹೀಗೇ ಇದೆ. ಈ ಲೈನಿಂಗಿನ ಬಲವನ್ನು ಅಳೆಯುವುದು ಹೇಗೆ, ಅಳೆದು ಬಂದ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಪ್ರಯೋಗಾಲಯದವರಿಗಷ್ಟೇ ಸೇರಿದ ವಿದ್ಯೆಯಾಗಿ ಉಳಿದಿದೆ. ಆ ಲೈನಿಂಗಿನ ಎದುರಿಗೆ ದಿನವೂ ನಿಲ್ಲುವವರಿಗೂ ಆ ವಿದ್ಯೆ ಗೊತ್ತಿರಬೇಕು.

ಕಮ್ಮಾರನ ಕುಡಗೋಲನ್ನು ಕಲ್ಲಿಗೆ ಬಡಿದರೆ ಬಾಗುತ್ತದೆ. ರೊಟ್ಟಿ ಬೇಯಿಸುವ ಮಣ್ಣಿನ ಹಂಚು ಕೈಜಾರಿ ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಇಟ್ಟಂಗಿ, ಪಿಂಗಾಣಿ, ಗಾಜು, ಅಲ್ಯುಮಿನ, ಸಿಲಿಕಾನ್ ಕಾರ್ಬೈಡ್ ಎಲ್ಲವೂ ಹಂಚಿನ ಜಾತಿಗೆ ಸೇರಿದವು. ಪಠ್ಯಪುಸ್ತಕಗಳು ಇವನ್ನು ಭಿದುರ ವಸ್ತುಗಳು ಎನ್ನುತ್ತವೆ. ಲೋಹದೊಳಗಿನ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿ ಒತ್ತಡವನ್ನು ಹಂಚಿಕೊಳ್ಳುತ್ತವೆ. ಭಿದುರ ವಸ್ತುವಿನಲ್ಲಿ ಆ ಜಾರುವಿಕೆಗೆ ಅವಕಾಶವಿಲ್ಲ. ಎಲ್ಲಿಯೋ ಒಂದು ಕಡೆ ಒತ್ತಡ ಮಿತಿ ಮೀರಿದರೆ ಅಲ್ಲಿಂದ ಬಿರುಕು ಹೊರಡುತ್ತದೆ, ಹೊರಟದ್ದು ನಿಲ್ಲುವುದಿಲ್ಲ.

ಬಿರುಕಿನ ಗುಣವನ್ನು ಗುಡಗೇರಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಎರಿ ಹೊಲ ಒಣಗಿದಾಗ ಮೊದಲು ಎಲ್ಲಿ ಬಾಯಿ ಬಿಡುತ್ತದೋ ಆ ಬಾಯಿಯೇ ದಿನದಿಂದ ದಿನಕ್ಕೆ ಉದ್ದವಾಗುತ್ತದೆ. ಅದರ ಅಕ್ಕಪಕ್ಕದ ನೆಲ ಹೊಸದಾಗಿ ಸೀಳುವುದು ಕಡಿಮೆ. ಎಳೆತವೆಲ್ಲ ಬಿರುಕಿನ ತುದಿಯಲ್ಲಿ ಬಂದು ಸೇರುವುದೇ ಇದಕ್ಕೆ ಕಾರಣ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನ ಸಂಶೋಧನೆಯ ಕೆಲಸದಲ್ಲಿದ್ದ ಎಂಜಿನಿಯರ್ ಎ.ಎ. ಗ್ರಿಫಿತ್ 1920ರಲ್ಲಿ ಇದನ್ನು ಗಾಜಿನ ಮೇಲೆ ಪ್ರಯೋಗ ಮಾಡಿ ಲೆಕ್ಕಕ್ಕಿಳಿಸಿದರು. ಗಾಜಿನ ಪರಮಾಣುಗಳ ಬಂಧಕ್ಕೆ ಇರಬೇಕಾದ ಬಲಕ್ಕೂ ಗಾಜು ನಿಜವಾಗಿ ಒಡೆಯುವ ಬಲಕ್ಕೂ ನಡುವೆ ಇರುವ ಭಾರಿ ಅಂತರಕ್ಕೆ ಅದರ ಮೈಮೇಲಿನ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣ ಎಂದು ಅವರು ತೋರಿಸಿದರು. ಬಿರುಕು ನಾಲ್ಕು ಪಟ್ಟು ಉದ್ದವಾದರೆ ಒಡೆಯುವ ಒತ್ತಡ ಅರ್ಧಕ್ಕಿಳಿಯುತ್ತದೆ. ನುಣುಪಾಗಿ ಅರೆದು ಸುಟ್ಟ ಉತ್ತಮ ಅಲ್ಯುಮಿನದ ತುಂಡೊಂದನ್ನು ಮುರಿಯಲು ತಲೆಗೂದಲಿನ ದಪ್ಪಕ್ಕಿಂತ ಚಿಕ್ಕದಾದ ಒಂದು ಕುಂದು ಸಾಕು. ಹಾಗಾಗಿ ಭಿದುರ ವಸ್ತುವಿನ ಬಲ ಆ ವಸ್ತುವಿನ ಹೆಸರಿನಲ್ಲಿಲ್ಲ, ಆ ಒಂದು ತುಂಡಿನೊಳಗಿನ ಅತಿ ಕೆಟ್ಟ ಕುಂದಿನಲ್ಲಿದೆ.

ಬಿರುಕನ್ನು ಅಗಲಿಸುವುದು ಎಳೆತ. ಒತ್ತಿದರೆ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಇಂಥ ವಸ್ತುಗಳು ಒತ್ತುವಿಕೆಯನ್ನು ಎಳೆತದ ಹಲವು ಪಟ್ಟು ತಡೆಯುತ್ತವೆ. ಕಲ್ಲಿನ ಗುಡಿಯ ಕಂಬ ಸಾವಿರ ವರ್ಷ ನಿಂತಿದ್ದರೂ ಅದರ ಮೇಲಿನ ತೊಲೆಗಲ್ಲು ಕೆಳಬದಿಯಲ್ಲಿ ಸೀಳಿರುವುದು ಇದರಿಂದಲೇ. ಆದರೆ ಮಾರುಕಟ್ಟೆಯಲ್ಲಿ ಇಟ್ಟಂಗಿಗೆ ಕೊಡುವ ಅಂಕಿ ಬಹುತೇಕ ಒತ್ತಿ ಒಡೆದದ್ದರ ಅಂಕಿ. ಮನೆ ಕಟ್ಟುವ ಸುಟ್ಟ ಇಟ್ಟಂಗಿಗೆ ಭಾರತೀಯ ಮಾನಕ 3495ರ ಪ್ರಕಾರ ಐದು ಇಟ್ಟಂಗಿಗಳನ್ನು 24 ಗಂಟೆ ನೀರಿನಲ್ಲಿ ನೆನೆಸಿ, ಯಂತ್ರದಲ್ಲಿ ಒತ್ತಿ, ಸರಾಸರಿ ತೆಗೆಯುತ್ತಾರೆ. ಮಾನಕ 1077ರಲ್ಲಿ ಅತಿ ಕೆಳಗಿನ ದರ್ಜೆಗೆ 3.5 ಮೆಗಾಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 36 ಕಿಲೋ ಭಾರ, ತಡೆಯುವ ಶಕ್ತಿ ಇರಬೇಕು. ಗೋಡೆ ಭಾರ ಹೊರುವುದು ಒತ್ತುವಿಕೆಯಲ್ಲೇ, ಊರಿನ ಬಿಸಿಲಿನಲ್ಲೇ. ಗೋಡೆಗೆ ಈ ಪರೀಕ್ಷೆ ಸಾಕು. ಫೈರ್ ಬ್ರಿಕ್ಕಿಗೂ ಇದೇ ಬಗೆಯ ಪರೀಕ್ಷೆ ಮಾಡಿ, ತಣ್ಣಗಿದ್ದಾಗಿನ ಒತ್ತು ಬಲ ಎಂದು ಚದರ ಸೆಂಟಿಮೀಟರಿಗೆ ಇನ್ನೂರು, ಮುನ್ನೂರು ಕಿಲೋ ಎಂಬ ದೊಡ್ಡ ಅಂಕಿ ಬರೆಯುತ್ತಾರೆ. ಆ ಅಂಕಿ ಸುಳ್ಳಲ್ಲ. ಇಟ್ಟಂಗಿ ಸರಿಯಾಗಿ ಸುಟ್ಟಿದೆಯೇ, ಲಾರಿಯಲ್ಲಿ ಬರುವಾಗ ಮೂಲೆ ಒಡೆಯದೆ ಬರುತ್ತದೆಯೇ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಲ್ಯಾಡಲಿನೊಳಗೆ ಒಂದು ಮುಖ 1,400 ಡಿಗ್ರಿಯಲ್ಲಿ, ಇನ್ನೊಂದು ಮುಖ ಕೆಲವು ನೂರು ಡಿಗ್ರಿಯಲ್ಲಿ ಇದ್ದು ಮೈಯ ಒಂದು ಭಾಗ ಎಳೆತಕ್ಕೆ ಸಿಕ್ಕಿದ ಇಟ್ಟಂಗಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎಳೆತದ ಬಲ ಬೇಕಾದರೆ ಎಳೆದೇ ನೋಡಬಹುದಲ್ಲ ಎನ್ನಿಸುವುದು ಸಹಜ. ಕಬ್ಬಿಣದ ಸರಳನ್ನು ಹಾಗೇ ಪರೀಕ್ಷಿಸುತ್ತಾರೆ. ಇಟ್ಟಂಗಿಯನ್ನು ಹಿಡಿಕೆಯಿಂದ ಕಚ್ಚಿ ಎಳೆದರೆ ಕಚ್ಚಿದ ಕಡೆಯೇ ಒಡೆಯುತ್ತದೆ; ಎಳೆತ ಕೂದಲೆಳೆಯಷ್ಟು ಓರೆಯಾದರೂ ಅಂಕಿ ಕೆಡುತ್ತದೆ. ಆದ್ದರಿಂದ ಬಾಗಿಸುವ ದಾರಿ ಹಿಡಿದಿದ್ದಾರೆ. ಪಟ್ಟಿಯಂಥ ತುಂಡನ್ನು ಎರಡು ಆಸರೆಗಳ ಮೇಲಿಟ್ಟು ಮೇಲಿನಿಂದ ಒತ್ತಿದರೆ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ, ಒಡೆತ ಕೆಳಗಿನಿಂದ ಶುರುವಾಗುತ್ತದೆ. ಫೈರ್ ಬ್ರಿಕ್ಕಿಗೆ ಅಂತರರಾಷ್ಟ್ರೀಯ ಮಾನಕದಲ್ಲಿ ಗೊತ್ತುಮಾಡಿದ ತುಂಡು 150 ಮಿಲಿಮೀಟರ್ ಉದ್ದ, 25 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪ. ಆಸರೆಗಳ ನಡುವೆ 125 ಮಿಲಿಮೀಟರ್. ಲೆಕ್ಕ ಹೈಸ್ಕೂಲಿನದೇ: ಭಾರವನ್ನು ಆಸರೆಗಳ ಅಂತರದಿಂದಲೂ ಮೂರರಿಂದಲೂ ಗುಣಿಸಿ, ಅಗಲ ಮತ್ತು ದಪ್ಪದ ವರ್ಗದ ಗುಣಲಬ್ಧದ ಎರಡು ಪಟ್ಟಿನಿಂದ ಭಾಗಿಸಬೇಕು. 50 ಕಿಲೋದ ಒಂದು ಡಿಎಪಿ ಗೊಬ್ಬರದ ಚೀಲದಷ್ಟು ಭಾರಕ್ಕೆ ತುಂಡು ಮುರಿದರೆ ಅದರ ಬಾಗು ಬಲ ಸುಮಾರು 6 ಮೆಗಾಪಾಸ್ಕಲ್ ಆಯಿತು. ಅಲ್ಯುಮಿನ, ಸಿಲಿಕಾನ್ ಕಾರ್ಬೈಡಿನಂಥ ನಯವಾದ ಸಿರಾಮಿಕ್ಕುಗಳಿಗೆ ಇದಕ್ಕಿಂತ ಸಣ್ಣ, 3 ಮಿಲಿಮೀಟರ್ ದಪ್ಪ, 4 ಮಿಲಿಮೀಟರ್ ಅಗಲದ ಕಡ್ಡಿಗಳನ್ನು ಬಳಸಿ, ಮೇಲಿನಿಂದ ಒಂದೇ ಕಡೆ ಒತ್ತುವ ಬದಲು ಎರಡು ಕಡೆ ಒತ್ತುತ್ತಾರೆ. ಹೀಗೆ ಮಾಡಿದರೆ ಒಂದೇ ಗೆರೆಯ ಬದಲು 20 ಮಿಲಿಮೀಟರ್ ಉದ್ದದ ಭಾಗವೆಲ್ಲ ಒಂದೇ ಸಮ ಎಳೆತಕ್ಕೆ ಸಿಕ್ಕಿ, ಅಲ್ಲಿ ಅಡಗಿದ ಕುಂದು ತಪ್ಪಿಸಿಕೊಳ್ಳಲಾರದು. ತುಂಡನ್ನು ಕೊಯ್ಯುವಾಗ ಆದ ಗೀರು ಅಡ್ಡಲಾಗಿದ್ದರೆ ಅದೇ ಬಿರುಕಾಗುತ್ತದೆ. ಅದಕ್ಕೇ ಉದ್ದಕ್ಕೆ ಉಜ್ಜಿ, ಅಂಚುಗಳನ್ನು ಸವರುತ್ತಾರೆ. ಪರೀಕ್ಷೆಯಲ್ಲಿ ತಪ್ಪು ನುಸುಳುವುದು ಬಹಳ ಸಲ ಯಂತ್ರದಲ್ಲಲ್ಲ, ಈ ಕೊಯ್ಯುವ ಮೇಜಿನ ಮೇಲೆ.

ಈ ಬಾಗಿಸುವ ಪರೀಕ್ಷೆಯನ್ನೇ ಬೆಂಕಿಯೊಳಗೆ ಮಾಡುವುದು ಬೇರೆಯೇ ಕಸುಬು. ಮೊದಲ ತೊಡಕು ಆಸರೆಗಳದ್ದು. 1,400 ಡಿಗ್ರಿಯಲ್ಲಿ ಉಕ್ಕಿನ ಆಸರೆ ಇಟ್ಟರೆ ಇಟ್ಟಂಗಿಗಿಂತ ಮೊದಲು ಆಸರೆಯೇ ಕುಸಿಯುತ್ತದೆ. ಹಾಗಾಗಿ ಒತ್ತುವ ಕಡ್ಡಿಗಳನ್ನೂ ಆಸರೆಗಳನ್ನೂ ಸಿಲಿಕಾನ್ ಕಾರ್ಬೈಡ್ ಇಲ್ಲವೆ ಶುದ್ಧ ಅಲ್ಯುಮಿನದಿಂದ ಮಾಡುತ್ತಾರೆ: ಒಂದು ಭಿದುರ ವಸ್ತುವನ್ನು ಅದಕ್ಕಿಂತ ಗಟ್ಟಿಯಾದ ಇನ್ನೊಂದು ಭಿದುರ ವಸ್ತುವಿನಿಂದ ಪರೀಕ್ಷಿಸುವ ಕೆಲಸ ಇದು. ಭಾರ ಅಳೆಯುವ ಲೋಡ್ ಸೆಲ್ ತಣ್ಣಗಿರಬೇಕು, ಆದ್ದರಿಂದ ಅದು ಒಲೆಯ ಹೊರಗೆ ನೀರಿನ ತಂಪಿನಲ್ಲಿ ಇರುತ್ತದೆ. ಒಲೆ ಕಾಯಿಸಲು ಸುಮಾರು 1,500 ಡಿಗ್ರಿಯವರೆಗೆ ಸಿಲಿಕಾನ್ ಕಾರ್ಬೈಡ್ ಸರಳುಗಳು ಸಾಕು. 1,700 ಡಿಗ್ರಿ ಬೇಕಾದರೆ ಮಾಲಿಬ್ಡಿನಮ್ ಡೈಸಿಲಿಸೈಡ್. ಎರಡು ಸಾವಿರ ದಾಟಬೇಕಾದರೆ ಗ್ರಾಫೈಟ್ ಒಲೆ. ಅದು ಗಾಳಿ ತಗಲಿದರೆ ಉರಿದುಹೋಗುವುದರಿಂದ ಆರ್ಗಾನ್ ಅನಿಲ ತುಂಬಬೇಕು, ಇಲ್ಲವೆ ನಿರ್ವಾತ ಮಾಡಬೇಕು. ಹಾಗೆ ಮಾಡಿದಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಎರಕದ ಮನೆಯಲ್ಲಿ ಗಾಳಿ ಇದೆ, ಬೂದಿ ಇದೆ, ಕಿಟ್ಟ ಇದೆ, ಶುದ್ಧ ಆರ್ಗಾನಿನಲ್ಲಿ ಬಂದ ಅಂಕಿ ಅಲ್ಲಿಗೆ ಎಷ್ಟು ಹೊಂದುತ್ತದೆ?

ತಾಪ ಅಳೆಯುವುದೂ ಅಷ್ಟು ಸುಲಭವಲ್ಲ. ಪತ್ತಾರರು ಮೂಸೆಯ ಬಣ್ಣ ನೋಡಿಯೇ ಬಂಗಾರ ಕರಗುವ 1,064 ಡಿಗ್ರಿಯನ್ನು ಗುರುತಿಸುತ್ತಾರೆ. ಆ ಕಣ್ಣಿಗೆ ಬೆಲೆ ಕಟ್ಟಲಾಗದು, ಆದರೆ ಪರೀಕ್ಷೆಗೆ ಅದು ಸಾಲದು. ಪ್ಲಾಟಿನಮ್ ಮತ್ತು ಪ್ಲಾಟಿನಮ್-ರೋಡಿಯಮ್ ಮಿಶ್ರಲೋಹದ ತಂತಿಗಳ ಥರ್ಮೋಕಪಲ್ಲನ್ನು ತುಂಡಿನ ಮಗ್ಗುಲಲ್ಲೇ ಇಡಬೇಕು. ಒಲೆಯ ಗೋಡೆಯ ತಾಪ ತುಂಡಿನ ತಾಪವಲ್ಲ. ಇಟ್ಟಂಗಿ ಶಾಖವನ್ನು ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಬೇಕಾದ ತಾಪ ತಲಪಿದ ಮೇಲೂ ತುಂಡಿನ ನಡುಮಧ್ಯ ಕಾಯುವವರೆಗೆ ತಡೆದು ಆಮೇಲೆ ಭಾರ ಹಾಕುತ್ತಾರೆ. ಎಷ್ಟು ಹೊತ್ತು ತಡೆದರು ಎಂಬುದನ್ನು ವರದಿಯಲ್ಲಿ ಬರೆಯದಿದ್ದರೆ ಆ ವರದಿ ಅರ್ಧ ವರದಿ.

ಇಲ್ಲಿ ಒಂದು ದೊಡ್ಡ ಗೊಂದಲವನ್ನು ಬಿಡಿಸಬೇಕು. ಈ ಇಟ್ಟಂಗಿ 1,700 ಡಿಗ್ರಿ ತಡೆಯುತ್ತದೆ ಎಂದು ಮಾರುವವರು ಹೇಳುವುದು ಸಾಮಾನ್ಯ. ಆ ಅಂಕಿ ಬರುವುದು ಬರ್ಲಿನ್ನಿನ ಹರ್ಮನ್ ಸೇಗರ್ 1886ರಲ್ಲಿ ಬಳಕೆಗೆ ತಂದ ಶಂಕುಗಳ ಪದ್ಧತಿಯಿಂದ. ಇಟ್ಟಂಗಿಯ ಪುಡಿಯಿಂದ ಸಣ್ಣ ಶಂಕು ಮಾಡಿ, ತಾಪ ಗೊತ್ತಿರುವ ಶಂಕುಗಳ ಜೊತೆ ನಿಲ್ಲಿಸಿ ಕಾಯಿಸುತ್ತಾರೆ. ಯಾವ ಶಂಕುವಿನ ಜೊತೆಗೆ ಅದು ತಲೆ ಬಾಗಿಸಿತೋ ಅದರ ತಾಪವೇ ಇದರ ತಾಪ. ಅಲ್ಲಿ ಶಂಕುವಿನ ಮೇಲಿರುವುದು ತನ್ನದೇ ತೂಕ, ಬೇರೆ ಯಾವ ಭಾರವೂ ಇಲ್ಲ. ಅದೇ ಇಟ್ಟಂಗಿಯಿಂದ 50 ಮಿಲಿಮೀಟರ್ ಎತ್ತರ, ಅಷ್ಟೇ ವ್ಯಾಸದ ಉರುಳೆ ಕೊರೆದು, ಸುಮಾರು 40 ಕಿಲೋ ಭಾರ ಹೇರಿ ಕಾಯಿಸಿದರೆ ಕಥೆ ಬದಲಾಗುತ್ತದೆ. ಸಾಮಾನ್ಯ ಜೇಡಿಯ ಫೈರ್ ಬ್ರಿಕ್ ಆ ಭಾರದ ಕೆಳಗೆ 1,300, 1,400 ಡಿಗ್ರಿಯಲ್ಲೇ ಕುಗ್ಗತೊಡಗುತ್ತದೆ. ಶಂಕುವಿನ ಅಂಕಿಗೂ ಭಾರದ ಅಂಕಿಗೂ ನಡುವೆ ಮುನ್ನೂರು ಡಿಗ್ರಿಯ ಕಂದಕ. ಬೀಡು ಹೊಯ್ಯುವ ತಾಪ ಆ ಕಂದಕದ ಒಳಗೇ ಇದೆ ಎಂಬುದನ್ನು ಗಮನಿಸಬೇಕು.

ಕಾದಾಗ ಒಳಗೆ ಏನಾಗುತ್ತದೆ? ಫೈರ್ ಬ್ರಿಕ್ಕಿನಲ್ಲಿ ಮುಲೈಟ್ ಎಂಬ ಹರಳುಗಳನ್ನು ಒಂದು ಬಗೆಯ ಗಾಜು ಅಂಟಿನಂತೆ ಹಿಡಿದುಕೊಂಡಿರುತ್ತದೆ. ಸುಮಾರು ಸಾವಿರ ಡಿಗ್ರಿಯವರೆಗೆ ಈ ಗಾಜು ತುಸು ಮೆತ್ತಗಾಗಿ ಬಿರುಕಿನ ಮೊನೆಯನ್ನು ಮೊಂಡು ಮಾಡುತ್ತದೆ. ಆಗ ಬಲ ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ಅದನ್ನು ದಾಟಿದರೆ ಅಂಟು ಹರಿಯತೊಡಗಿ ಬಲ ಕುಸಿಯುತ್ತದೆ. ವಿಮಾನದ ಎಂಜಿನ್ನಿಗೆಂದು ಬೆಳೆಸಿದ ಸಿಲಿಕಾನ್ ನೈಟ್ರೈಡಿನಲ್ಲೂ ಹರಳುಗಳ ನಡುವೆ ಇಂಥದೇ ತೆಳು ಗಾಜಿನ ಪೊರೆ ಇರುತ್ತದೆ, ಅದರ ಬಲವೂ 1,200 ಡಿಗ್ರಿಯ ಸುತ್ತ ಇಳಿಯುತ್ತದೆ. ಪೊರೆ ಇಲ್ಲದ ಸಿಲಿಕಾನ್ ಕಾರ್ಬೈಡ್ 1,500 ಡಿಗ್ರಿಯವರೆಗೂ ಬಲ ಉಳಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಗ್ರಾಫೈಟ್: ಗಾಳಿಯಿಂದ ಕಾಪಾಡಿದರೆ ಸುಮಾರು 2,500 ಡಿಗ್ರಿಯವರೆಗೆ ಅದು ಕಾದಷ್ಟೂ ಗಟ್ಟಿಯಾಗುತ್ತ ಹೋಗುತ್ತದೆ. ಇವೆಲ್ಲ ತಣ್ಣಗಿನ ಅಂಕಿಯಿಂದ ಊಹಿಸಲಾಗದ ಸಂಗತಿಗಳು. ಕಾಯಿಸಿ ಮುರಿದು ನೋಡಿದ ಮೇಲೆಯೇ ತಿಳಿದವು.

ಹರಳಿನ ರೂಪ ಬದಲಾಗುವ ತಾಪಗಳು ಇನ್ನೊಂದು ಅಪಾಯ. ನಮ್ಮ ಸೀಮೆಯ ಎರಕದ ಮನೆಗಳ ಇಂಡಕ್ಷನ್ ಫರ್ನೇಸಿನಲ್ಲಿ ಬಡಿಯುವ ರ‍್ಯಾಮಿಂಗ್ ಮಾಸ್ ಹೆಚ್ಚಾಗಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಪುಡಿ. ಬೆಣಚು 573 ಡಿಗ್ರಿಯಲ್ಲಿ ಒಮ್ಮೆಲೇ ರೂಪ ಬದಲಿಸಿ ಉಬ್ಬುತ್ತದೆ, ಆರುವಾಗ ಅದೇ ತಾಪದಲ್ಲಿ ಕುಗ್ಗುತ್ತದೆ. ಹೊಸ ಲೈನಿಂಗನ್ನು ನಿಧಾನವಾಗಿ, ಗಂಟೆಗಿಷ್ಟೇ ಡಿಗ್ರಿ ಎಂದು ಕಾಯಿಸಬೇಕೆಂಬ ನಿಯಮ ಯಾರದೋ ಹಟದಿಂದ ಹುಟ್ಟಿದ್ದಲ್ಲ. ಆರ್ಡರಿನ ಅವಸರಕ್ಕೆ ಆ ಗಂಟೆಗಳನ್ನು ಕತ್ತರಿಸಿದರೆ ಬಿರುಕು ಮೊದಲ ದಿನವೇ ಒಳಗೆ ಕೂತಿರುತ್ತದೆ, ಹೊರಗೆ ಕಾಣುವುದಿಲ್ಲ.

ಕಾಲದ ಮಾತೂ ಇದೆ. ಪರೀಕ್ಷಾ ಯಂತ್ರ ತುಂಡನ್ನು ಒಂದೆರಡು ನಿಮಿಷದೊಳಗೆ ಮುರಿಯುತ್ತದೆ. ಲೈನಿಂಗ್ ವಾರಗಟ್ಟಲೆ ಭಾರ ಹೊತ್ತಿರುತ್ತದೆ. ಅತಿ ತಾಪದಲ್ಲಿ ಬಿರುಕು ನಿಂತಲ್ಲಿ ನಿಲ್ಲದೆ ಗೆದ್ದಲಿನಂತೆ ತೆವಳುತ್ತದೆ. ಒಂದು ನಿಮಿಷ ಸಲೀಸಾಗಿ ತಡೆದ ಭಾರಕ್ಕೆ ನೂರು ಗಂಟೆಯ ನಂತರ ಅದೇ ತುಂಡು ಮುರಿಯಬಹುದು. ಇದನ್ನು ಹಿಡಿಯಲು ಭಾರವನ್ನು ಬೇಗ ಏರಿಸಿ ಒಮ್ಮೆ, ಬಹಳ ನಿಧಾನ ಏರಿಸಿ ಒಮ್ಮೆ ಮುರಿದು ಹೋಲಿಸುತ್ತಾರೆ. ಎರಡೂ ಅಂಕಿ ಹತ್ತಿರವಿದ್ದರೆ ವಸ್ತು ನಂಬಿಕೆಗೆ ಅರ್ಹ. ನಿಧಾನದ ಅಂಕಿ ತೀರ ಕೆಳಗಿದ್ದರೆ ಅದು ತೆವಳುವ ಬಿರುಕಿನ ಸುಳಿವು.

ಇನ್ನು ಸರಾಸರಿಯ ವಿಷಯ. ಈ ಪತ್ರದಲ್ಲಿ ಒಂದೇ ಒಂದು ಮಾತು ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ: ಭಿದುರ ವಸ್ತುವಿಗೆ ಒಂದೇ ಅಂಕಿಯ ಬಲ ಎಂಬುದು ಇಲ್ಲ. ಒಂದೇ ಆವಿಗೆಯ, ಒಂದೇ ಮಣ್ಣಿನ ಮೂವತ್ತು ತುಂಡು ಮುರಿದರೆ ಮೂವತ್ತು ಅಂಕಿ ಬರುತ್ತವೆ, ಏಕೆಂದರೆ ಮೂವತ್ತರೊಳಗಿನ ಕೆಟ್ಟ ಕುಂದು ಮೂವತ್ತು ಅಳತೆಯದು. ಸರಪಳಿಯ ಬಲ ಅದರ ಬಡಕಲು ಕೊಂಡಿಯ ಬಲ. ಸ್ವೀಡನ್ನಿನ ಎಂಜಿನಿಯರ್ ವಲೋದಿ ವೈಬುಲ್ 1939ರಲ್ಲಿ ಈ ಕೊಂಡಿಯ ತರ್ಕವನ್ನೇ ಸಂಭವನೀಯತೆಯ ಸೂತ್ರವಾಗಿಸಿದರು. ಅದರಲ್ಲಿ ಎರಡು ಅಂಕಿಗಳಿವೆ. ಒಂದು ಬಲದ ಮಟ್ಟವನ್ನು ಹೇಳುತ್ತದೆ. ವೈಬುಲ್ ಗುಣಾಂಕ ಎಂಬ ಇನ್ನೊಂದು, ತುಂಡಿನಿಂದ ತುಂಡಿಗೆ ಬಲ ಎಷ್ಟು ಚದರಿದೆ ಎಂಬುದನ್ನು ಹೇಳುತ್ತದೆ. ಗುಣಾಂಕ ಹೆಚ್ಚಿದ್ದಷ್ಟೂ ತುಂಡುಗಳು ಒಂದರಂತೆ ಒಂದಿರುತ್ತವೆ.

ಎರಡು ಇಟ್ಟಂಗಿ ಕಂಪನಿಗಳು ಒಂದೇ ಮಟ್ಟದ ಬಲ ತೋರಿಸಿವೆ ಎಂದುಕೊಳ್ಳಬಹುದು. ಒಂದರ ಗುಣಾಂಕ 10, ಇನ್ನೊಂದರದು 5. ಆ ಮಟ್ಟದ ಅರ್ಧದಷ್ಟು ಮಾತ್ರ ಭಾರ ಬಿದ್ದರೆ ಮೊದಲನೆಯದರಲ್ಲಿ ಸಾವಿರಕ್ಕೆ ಒಂದು ಇಟ್ಟಂಗಿ ಒಡೆಯುತ್ತದೆ, ಎರಡನೆಯದರಲ್ಲಿ ನೂರಕ್ಕೆ ಮೂರು. ಲೈನಿಂಗಿನಲ್ಲಿ ನೂರಾರು ಇಟ್ಟಂಗಿಗಳಿರುತ್ತವೆ. ಕರಗಿದ ಕಬ್ಬಿಣಕ್ಕೆ ದಾರಿ ಮಾಡಲು ಒಡೆದದ್ದು ಒಂದೇ ಆದರೂ ಸಾಕು. ಸರಾಸರಿಯಷ್ಟನ್ನೇ ಬರೆದ ಪ್ರಮಾಣಪತ್ರದಲ್ಲಿ ಈ ಎರಡೂ ಕಂಪನಿಗಳು ಒಂದೇ ಎನ್ನಿಸುತ್ತವೆ. ಗಾತ್ರದ ಪರಿಣಾಮವೂ ಇದೇ ಸೂತ್ರದಿಂದ ಬರುತ್ತದೆ. ತುಂಡು ದೊಡ್ಡದಾದಷ್ಟೂ ಕೆಟ್ಟ ಕುಂದು ಅದರಲ್ಲಿ ಇರುವ ಸಾಧ್ಯತೆ ಹೆಚ್ಚು. ಗುಣಾಂಕ 10 ಇದ್ದರೆ, ಸಾವಿರ ಪಟ್ಟು ದೊಡ್ಡ ತುಂಡಿನ ಬಲ ಸಣ್ಣ ತುಂಡಿನ ಅರ್ಧ. ಪ್ರಯೋಗಾಲಯದ ಕಡ್ಡಿಯ ಅಂಕಿಯನ್ನು ಹಾಗೇ ತಂದು ದೊಡ್ಡ ಇಟ್ಟಂಗಿಗೆ ಹಚ್ಚುವುದು ಆದ್ದರಿಂದ ತಪ್ಪು.

ಥಟ್ಟನೆ ಕಾದು ಥಟ್ಟನೆ ಆರುವ ಪೆಟ್ಟನ್ನು ಮನೆಯ ಹೆಣ್ಣುಮಕ್ಕಳು ಪುಸ್ತಕ ಓದದೆಯೇ ಬಲ್ಲರು. ಜೋಳದ ರೊಟ್ಟಿಯ ಮೇಲೆ ನೀರು ಹಚ್ಚುತ್ತಾರೆ, ಕಾದ ಹಂಚಿನ ಮೇಲೆ ಚೆಲ್ಲುವುದಿಲ್ಲ. ಮೇಲ್ಮೈ ಆರಿ ಕುಗ್ಗಲು ಹವಣಿಸುತ್ತದೆ, ಒಳಗಿನ ಬಿಸಿ ಮೈ ಬಿಡುವುದಿಲ್ಲ, ಮೇಲ್ಮೈ ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ಇದನ್ನು ಅಳೆಯಲು ತುಂಡುಗಳನ್ನು ಬೇರೆ ಬೇರೆ ತಾಪಕ್ಕೆ ಕಾಯಿಸಿ ನೀರಿಗೆ ಬೀಳಿಸಿ, ಆಮೇಲೆ ಬಾಗಿಸಿ ಮುರಿಯುತ್ತಾರೆ. ದಟ್ಟವಾದ ಅಲ್ಯುಮಿನ ಸುಮಾರು 200 ಡಿಗ್ರಿಯ ಏರುಪೇರಿನವರೆಗೆ ಬಲ ಉಳಿಸಿಕೊಂಡು, ಅದನ್ನು ದಾಟಿದ ಕೂಡಲೇ ಅದರ ಬಲ ಪ್ರಪಾತಕ್ಕೆ ಬಿದ್ದಂತೆ ಇಳಿಯುತ್ತದೆ. ಕಾದಾಗ ಬಹಳ ಕಡಿಮೆ ಹಿಗ್ಗುವ ಸಿಲಿಕಾ ಗಾಜು ಸಾವಿರ ಡಿಗ್ರಿಯ ಏರುಪೇರನ್ನೂ ತಡೆಯುತ್ತದೆ. ಅಡುಗೆಯ ಗಡಗಿಯ ಮಣ್ಣಿಗೆ ಕುಂಬಾರರು ಉಸುಕು ಬೆರೆಸುವುದರ ಹಿಂದಿನ ತಿಳಿವಳಿಕೆ ಇನ್ನೂ ಸೂಕ್ಷ್ಮ: ಉಸುಕಿನ ಕಣದ ಸುತ್ತ ಹುಟ್ಟುವ ನೂರಾರು ಚಿಕ್ಕ ಬಿರುಕುಗಳು ಒಂದು ದೊಡ್ಡ ಬಿರುಕನ್ನು ಓಡಲು ಬಿಡುವುದಿಲ್ಲ. ಬಲ ತುಸು ಕಡಿಮೆಯಾಗುತ್ತದೆ, ಬಾಳಿಕೆ ಹೆಚ್ಚುತ್ತದೆ. ಫೈರ್ ಬ್ರಿಕ್ಕಿನಲ್ಲಿ ಸುಟ್ಟ ಇಟ್ಟಂಗಿಯ ನುಚ್ಚು ಬೆರೆಸುವುದೂ ಇದೇ ಉಪಾಯ. ಈ ವಿದ್ಯೆ ಕಾಣಬೇಕೆಂದರೆ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ.

ಸಂತೆಯಲ್ಲಿ ಗಡಗಿ ಕೊಳ್ಳುವಾಗ ಬೆರಳ ಗಿಣ್ಣಿನಿಂದ ಬಡಿದು ನೋಡುವುದೂ ಒಂದು ಪರೀಕ್ಷೆಯೇ. ಠಣ್ ಎಂದರೆ ಒಳ್ಳೆಯದು, ಒಡಕು ದನಿ ಬಂದರೆ ಪಕ್ಕಕ್ಕಿಡುತ್ತಾರೆ. ಪ್ರಯೋಗಾಲಯದಲ್ಲಿ ಇದನ್ನೇ ಸಣ್ಣ ಸುತ್ತಿಗೆ, ಮೈಕ್ರೋಫೋನು ಇಟ್ಟು, ಒಲೆಯೊಳಗೆ ತುಂಡು ಕಾದಿರುವಾಗಲೇ ಮಾಡುತ್ತಾರೆ. ದನಿಯ ಕಂಪನದಿಂದ ವಸ್ತುವಿನ ಬಿಗುವನ್ನು ಲೆಕ್ಕ ಹಾಕಬಹುದು. ತುಂಡು ಮುರಿಯದೆ ಉಳಿಯುವುದರಿಂದ ಅದೇ ತುಂಡನ್ನು ಮತ್ತೆ ಮತ್ತೆ ಕಾಯಿಸಿ ಬಿರುಕು ಬೆಳೆಯುವುದನ್ನು ಕೇಳುತ್ತ ಹೋಗಬಹುದು.

ಎಷ್ಟೇ ಎಚ್ಚರದಿಂದ ಮಾಡಿದ ಪರೀಕ್ಷೆಯೂ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಅವರ ಆರು ಮಂದಿ ಸಂಗಾತಿಗಳನ್ನು ಹೊತ್ತ ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಚೂರಾಯಿತು. ಅದರ ರೆಕ್ಕೆಯ ಮುಂಬದಿಯ ಅಂಚಿಗೆ ಹೊದಿಸಿದ್ದ ಕಾರ್ಬನ್ ಫಲಕಗಳು ಸುಮಾರು 1,650 ಡಿಗ್ರಿ ತಡೆಯಲೆಂದೇ ಮಾಡಿದವು, ತಾಪಕ್ಕೆ ಪರೀಕ್ಷೆಗೊಂಡವು. ಆದರೆ ಹಾರಿಬರುವ ವಸ್ತುವಿನ ಪೆಟ್ಟನ್ನು ಅವು ತಡೆಯಬೇಕೆಂಬ ಬೇಡಿಕೆ ವಿನ್ಯಾಸದಲ್ಲಿ ಇರಲಿಲ್ಲವೆನ್ನುವಷ್ಟು ಕಡಿಮೆಯಿತ್ತು. ಉಡಾವಣೆಯ ಹೊತ್ತಿನಲ್ಲಿ ಹೊರ ಟ್ಯಾಂಕಿನಿಂದ ಕಿತ್ತುಬಂದ ಹಗುರ ನೊರೆಯ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ಅದೇ ವರ್ಷ ಜುಲೈ 7ರಂದು ಟೆಕ್ಸಸ್ಸಿನಲ್ಲಿ, ಮುಕ್ಕಾಲು ಕಿಲೋ ತೂಕದ ನೊರೆಯನ್ನು ಗಂಟೆಗೆ ಸುಮಾರು 850 ಕಿಲೋಮೀಟರ್ ವೇಗದಲ್ಲಿ ಅಂಥದೇ ಫಲಕಕ್ಕೆ ಹಾರಿಸಿದಾಗ 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ಆ ಪರೀಕ್ಷೆ ಮೊದಲೇ ಆಗಿದ್ದರೆ ಎಂಬ ನೋವು ಈ ವಿದ್ಯೆಯನ್ನು ಕಲಿಯುವ ಪ್ರತಿಯೊಬ್ಬರಿಗೂ ಇರಬೇಕು.

ಅಷ್ಟು ದೊಡ್ಡದಲ್ಲದ, ಆದರೆ ನಮಗೆ ಹತ್ತಿರದ ಒಂದು ಘಟನೆಯನ್ನು ಈ ಪತ್ರ ಬರೆಯುವವರು ಕಣ್ಣಾರೆ ಕಂಡಿದ್ದಾರೆ. ಎರಕದ ಮನೆಯೊಂದರಲ್ಲಿ ಹೊಸ ಇಟ್ಟಂಗಿಯಿಂದ ಲ್ಯಾಡಲಿಗೆ ಲೈನಿಂಗ್ ಮಾಡಿದ್ದರು. ಮೂರನೆಯ ಹೊಯ್ತಕ್ಕೆ ತೊಟ್ಟಿಯ ಹೊರಮೈಯಲ್ಲಿ ರೊಟ್ಟಿಯಷ್ಟಗಲ ಕೆಂಪು ಮೂಡಿತು. ಅದನ್ನು ಮೊದಲು ಕಂಡದ್ದು ನಮ್ಮದೇ ಸೀಮೆಯ ಒಬ್ಬ ಹುಡುಗ. ಅವನು ಕೂಗಿಕೊಂಡ, ಲ್ಯಾಡಲನ್ನು ಒಣ ಉಸುಕಿನ ಗುಂಡಿಗೆ ಬಗ್ಗಿಸಿದರು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಇಟ್ಟಂಗಿಯ ಪ್ರಮಾಣಪತ್ರ ತರಿಸಿ ನೋಡಿದಾಗ ಅದರಲ್ಲಿ ಬಲದ ಬಗ್ಗೆ ಇದ್ದದ್ದು ಒಂದೇ ಸಾಲು, ತಣ್ಣಗಿನ ಒತ್ತು ಬಲದ ಸರಾಸರಿ. ಎಷ್ಟು ತುಂಡು ಮುರಿದರು ಎಂದಿರಲಿಲ್ಲ. ಬಿಸಿಯಲ್ಲಿ ಮುರಿದ ಅಂಕಿಯೂ ಇರಲಿಲ್ಲ. ಆ ಕಾಗದವನ್ನು ಅದುವರೆಗೆ ಯಾರೂ ಓದಿರಲಿಲ್ಲ.

ತಮ್ಮ ತಂಗಿಯರೇ, ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಇಟ್ಟಂಗಿಯ ಲಾರಿ ಬಂದಾಗ ಪ್ರಮಾಣಪತ್ರ ಕೊಡಿ ಎಂದು ಮೇಲ್ವಿಚಾರಕರನ್ನು ಮರ್ಯಾದೆಯಿಂದ ಕೇಳಿ. ಬಿಸಿಯಲ್ಲಿನ ಬಾಗು ಬಲ ಎಷ್ಟು, ಯಾವ ತಾಪದಲ್ಲಿ, ಎಷ್ಟು ಹೊತ್ತು ತಡೆದು, ಎಷ್ಟು ತುಂಡು ಮುರಿದು ಬಂದದ್ದು, ಅತಿ ಕಡಿಮೆ ಬಂದ ಅಂಕಿ ಯಾವುದು ಎಂದು ನೋಡಿ. ಹೊಸ ಲೈನಿಂಗನ್ನು ಕಾಯಿಸುವ ಗಂಟೆಗಳನ್ನು ಯಾರು ಅವಸರ ಮಾಡಿದರೂ ಕಡಿಮೆ ಮಾಡಬೇಡಿ. ಲ್ಯಾಡಲಿನಲ್ಲಿ ಹಸಿ ಇದ್ದರೆ ಹೊಯ್ಯಬೇಡಿ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಕರಗಿದ ಬೀಡಿನ ಕೆಳಗೆ ಅದು ಮದ್ದಿನಂತೆ ಸಿಡಿಯುತ್ತದೆ. ಲೈನಿಂಗ್ ಕಿತ್ತಾಗ ಒಡೆದ ತುಂಡುಗಳನ್ನು ತಿಪ್ಪೆಗೆ ಎಸೆಯುವ ಮೊದಲು ಒಡೆದ ಮುಖ ನೋಡಿ, ಬಿರುಕು ಎಲ್ಲಿಂದ ಹೊರಟಿದೆ ಎಂದು ಗುರುತಿಸಿ, ಎಷ್ಟನೆಯ ಹೊಯ್ತಕ್ಕೆ ಒಡೆಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ಎರಡು ವರ್ಷದ ಅಂಥ ಪುಸ್ತಕಕ್ಕೆ ಯಾವ ಪ್ರಯೋಗಾಲಯದ ವರದಿಗಿಂತ ಕಡಿಮೆ ಬೆಲೆ ಇಲ್ಲ.

ಗುರುಗಳೇ, ತಮ್ಮಲ್ಲಿ ಎರಡು ವಿನಂತಿ. ತರಗತಿಯಲ್ಲಿ ಮೂವತ್ತು ಸೀಮೆಸುಣ್ಣದ ಕಡ್ಡಿ ತರಿಸಿ, ಎರಡು ಪೆನ್ಸಿಲ್ಲುಗಳ ಮೇಲೆ ಒಂದೊಂದಾಗಿ ಇಟ್ಟು, ನಡುವೆ ದಾರದಿಂದ ಡಬ್ಬಿ ತೂಗಿಬಿಟ್ಟು, ಮುರಿಯುವವರೆಗೆ ಉಸುಕು ಸುರುವಿ ತೂಕ ಬರೆಸಿ. ಅಂಗಡಿಯ ಒಂದೇ ಡಬ್ಬಿಯ ಕಡ್ಡಿಗಳು ಎಷ್ಟು ಬೇರೆ ಬೇರೆ ಭಾರಕ್ಕೆ ಮುರಿಯುತ್ತವೆ ಎಂಬುದನ್ನು ಮಕ್ಕಳು ಕೈಯಾರೆ ಕಾಣಲಿ. ಮತ್ತೆ, ವರ್ಷಕ್ಕೊಮ್ಮೆ ಅವರನ್ನು ರೈಲು ಹತ್ತಿಸಿ ಹುಬ್ಬಳ್ಳಿಗೋ ಧಾರವಾಡಕ್ಕೋ ಕರೆದೊಯ್ದು, ಎಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ಯಂತ್ರ ತೋರಿಸಿ. 1947ರಲ್ಲಿ ಶುರುವಾದ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜು (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ), 2016ರಲ್ಲಿ ಬಂದ ಧಾರವಾಡದ ಐಐಟಿ ಎರಡೂ ನಮ್ಮ ಜಿಲ್ಲೆಯವೇ. ಕೇಳಿದರೆ ಬಾಗಿಲು ತೆರೆಯುವವರು ಅಲ್ಲಿದ್ದಾರೆ ಎಂಬ ಭರವಸೆಯಿಂದಲೇ ಈ ಮಾತು.

ಮುಂದಿನ ಸಲ ಲೈನಿಂಗ್ ಕಟ್ಟುವ ಮೊದಲು ಆ ಕಾಗದವನ್ನು ತೆಗೆದು ಓದಿ. ಬಿಸಿಯ ಅಂಕಿ ಅದರಲ್ಲಿ ಇಲ್ಲದಿದ್ದರೆ, ಬರುವವರೆಗೆ ಕೇಳುತ್ತಿರಿ.

ಇಂತಿ ನಿಮ್ಮ ವಿಶ್ವಾಸಿ,
ಗುಡಗೇರಿಯ ಒಬ್ಬ ಹಿರಿಯ ಎರಕದ ಕೆಲಸಗಾರ